ಬಾಣಂತಿಗೆ ಅಳೆದು ಕೊಟ್ಟ ನೀರು

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು. ಆದರೆ ಓದಿದ್ದು ವಾಣಿಜ್ಯಶಾಸ್ತ್ರ, ವೈದ್ಯಕೀಯವಲ್ಲ. ಆದುದರಿಂದ ಅಕ್ಕನ ಯಕೃತ್ತಿನ ಕಾಯಿಲೆಯ ವಿಷಯವಾಗಿ ಇಲ್ಲಿ ಏನಾದರೂ ತಪ್ಪಿ ಬರೆದಿದ್ದರೆ ತಿಳಿದವರು ತಿದ್ದಿಕೊಂಡು ಓದಬೇಕೆಂದು ವಿನಂತಿ.

ತೊಂಬತ್ತರ ದಶಕದ ಆರಂಭ. ಬ್ಯಾಂಕಿನಲ್ಲಿದ್ದ ಭಾವನವರಿಗೆ ಕಾಶಿಗೆ ವರ್ಗವಾಗಿ, ಅವರೂ ಅಕ್ಕನೂ ಭೇಲೂಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಚೊಚ್ಚಲ ಹೆರಿಗೆಗೆ ಅಕ್ಕ ತವರಿಗೆ ಬರಲಾಗಲಿಲ್ಲ. ಬಾಣಂತನಕ್ಕೆ ಅವ್ವನೇ ಧಾರವಾಡದ ಕಡೆಯಿಂದ ಹೊರಟಳು. ಹಿಂದಿ ಬಲ್ಲೆನೆಂಬ ಕಾರಣಕ್ಕೆ ನಾನೂ ಜೊತೆಗೆ. ಅವಳ ಗಂಟಿನಲ್ಲಿ ಬಾಣಂತಿಯ ಉಂಡೆಗೆ ಅಳವಿ ಬೀಜ, ಒಣಕೊಬ್ಬರಿ ಮತ್ತು ಬಾಣಂತಿಯ ಹೊಟ್ಟೆಗೆ ಕಟ್ಟಲೆಂದು ಒಂದು ಹಳೆಯ ಇಳಕಲ್ ಸೀರೆ ಇದ್ದವು.

ಹೆಣ್ಣುಮಗು ಹುಟ್ಟಿತು. ಹೊರಗೆ ಬೇಸಿಗೆಯ ಬಿಸಿಗಾಳಿ ಕಿಟಕಿಯನ್ನು ಬಡಿಯುತ್ತಿತ್ತು. ನಮ್ಮ ಮನೆಯಲ್ಲಿ ಬಾಣಂತಿಗೆ ನೀರನ್ನು ಕುದಿಸಿ, ಅಳೆದು, ಅತಿ ಕಡಿಮೆ ಕೊಡುವ ಪದ್ಧತಿ. ಅದನ್ನೇ ಅವ್ವ ಆ ಸೆಕೆಗೂ ಹಾಗೆಯೇ ತಂದಿದ್ದಳು.

"ಯವ್ವಾ, ಗಂಟಲಾ ಒಣಗೇತಿ. ಒಂದ ಗುಟುಕ ಕೊಡ."

"ಮೊದಲ ನಿನ್ನ ಹೊಟ್ಟಿ ನೋಡಿಕೋ. ಇನ್ನೊಂದ ಕೂಸ ಒಳಗ ಉಳದಂಗ ಐತಿ. ನೀರ ಕುಡದ್ರ ಇಳೀತೈತೇನು?"

"ಗಂಗವ್ವನ ಬಾಜೂಕ ಕುಂತು ನೀರಡಿಸಿ ಸಾಯಬೇಕೇನ ನಾ?"

"ಗಂಗವ್ವ ಹೊರಗ ಹರೀಲಿ. ನಿನ್ನ ಹೊಟ್ಟ್ಯಾಗ ಬ್ಯಾಡ."

ಇಬ್ಬರೂ ನಕ್ಕರು, ನಾನೂ ನಕ್ಕೆ.

ಹೊಟ್ಟೆ ಇಳಿಯಲಿಲ್ಲ, ಏರಿತು. ಅವ್ವ ಸೀರೆಯನ್ನು ಇನ್ನಷ್ಟು ಬಿಗಿದಳು, ನೀರನ್ನು ಇನ್ನಷ್ಟು ಇಳಿಸಿದಳು. ಬಲಪಕ್ಕೆ ನೋಯುತ್ತದೆಂದರೆ ವಾಯುವೆಂದು ಅಜವಾನ ಅಗಿಯಲು ಕೊಟ್ಟಳು. ಕಾಲು ಬಾತು ಕಣ್ಣು ಹಳದಿಯಾದಾಗ ಬಾಡಿಗೆ ಮನೆಯ ಒಡತಿಯೇ ರಿಕ್ಷಾ ಕರೆಸಿದರು.

ಆಸ್ಪತ್ರೆಯಲ್ಲಿ ಸೂಜಿ ಹಾಕಿ ಹೊಟ್ಟೆಯ ನೀರು ತೆಗೆದರು. ತುಂಬಿದ ಬಾಟಲಿಯನ್ನು ನೋಡಿ ಅವ್ವ ನನ್ನನ್ನು ಕೇಳಿದಳು: "ನಾ ನೀರ ಕೊಟ್ಟಿಲ್ಲಲ್ಲೋ ತಮ್ಮಾ, ಇಷ್ಟ ನೀರ ಎಲ್ಲಿಂದ ಬಂತು?"

ವೈದ್ಯರು ಹಿಂದಿಯಲ್ಲಿ ವಿವರಿಸಿದ್ದನ್ನು ಕನ್ನಡದಲ್ಲಿ ಹೇಳಿದೆ. ಯಕೃತ್ತಿನಿಂದ ಹೃದಯದ ಕಡೆಗೆ ರಕ್ತ ಒಯ್ಯುವ ನಾಳಗಳು ಒಳಗೇ ರಕ್ತ ಹೆಪ್ಪುಗಟ್ಟಿ ಮುಚ್ಚಿವೆ. ದಾರಿಯಿಲ್ಲದೆ ಯಕೃತ್ತು ಬಾತು, ನೀರು ಹೊಟ್ಟೆಯೊಳಕ್ಕೆ ಜಿನುಗುತ್ತಿದೆ. ಹೆರಿಗೆಯ ನಂತರ ಕೆಲವರಿಗೆ ಹೀಗಾಗುವುದುಂಟು.

"ನೀರ ಕೊಡದ್ದಕ್ಕ ಆತೇನು, ಕೇಳು."

ವೈದ್ಯರು ಉತ್ತರಿಸಿದರು. ಅದೊಂದರಿಂದಲೇ ಹೀಗಾಗದು, ಆದರೆ ದೇಹ ಒಣಗಿದರೆ ಹೆಪ್ಪುಗಟ್ಟುವುದಕ್ಕೆ ಅದೂ ಕೂಡಿಕೊಳ್ಳುತ್ತದೆ. ಮೊದಲ ಮಾತನ್ನು ಅವ್ವ ಕೇಳಿಸಿಕೊಳ್ಳಲೇ ಇಲ್ಲ. ಎರಡನೆಯದನ್ನು ಸಾಯುವವರೆಗೂ ಮರೆಯಲಿಲ್ಲ.

ಮರುದಿನ ಅವಳು ತಂಬಿಗೆ ತುಂಬ ನೀರು ಹಿಡಿದು ಮಂಚದ ಬಳಿ ನಿಂತಳು. ದಾದಿ ತಡೆದರು: ಹೊಟ್ಟೆಯಲ್ಲಿ ಇಷ್ಟು ನೀರಿರುವಾಗ ಉಪ್ಪನ್ನೂ ನೀರನ್ನೂ ಅಳೆದೇ ಕೊಡಬೇಕು. ಕೊಡಬಹುದಾಗಿದ್ದ ದಿನಗಳು ಮುಗಿದಿದ್ದವು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧದ ಬಲದಿಂದ ಅಕ್ಕ ಆ ಚಳಿಗಾಲದವರೆಗೆ ಬದುಕಿದಳು. ಆಮೇಲೆ ಅವ್ವ ಊರಿಗೆ ಮರಳಲಿಲ್ಲ. ಭಾವನವರ ಮನೆಯಲ್ಲೇ ಉಳಿದು ಮೊಮ್ಮಗಳನ್ನು ಬೆಳೆಸಿದಳು. ಆ ಹುಡುಗಿ ನಮ್ಮೆಲ್ಲರೊಡನೆ ಹಿಂದಿ ಆಡಿದರೂ ಅಜ್ಜಿಯೊಡನೆ ಕನ್ನಡವನ್ನೇ ಆಡುತ್ತಿದ್ದಳು. ನಮ್ಮ ಮನೆತನದಲ್ಲಿ ಈಗ ಬಾಣಂತಿಗೆ ಕೇಳಿದಷ್ಟು ನೀರು ಕೊಡುತ್ತೇವೆ.