ನನ್ನ ಹೆಸರಿನ ಔಷಧ ಚೀಟಿ

ಸಂದೂಕಿನ ತಳದಲ್ಲಿ, ಹಳೇ ಪ್ರಶ್ನೆಪತ್ರಿಕೆಗಳ ಕೆಳಗೆ, ಆ ಚೀಟಿ ಸಿಕ್ಕಿತು. ನಾಲ್ಕು ಮಡಿಕೆ ಹಾಕಿದ್ದು, ಮಡಿಕೆಯ ಗೆರೆಗುಂಟ ಹರಿಯುತ್ತ ಬಂದದ್ದು. ಬಿಡಿಸಿದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು, ಅದರ ಹಿಂದೆ ದವಾಖಾನೆಯ ಸ್ಪಿರಿಟಿನ ವಾಸನೆ ಬಂದ ಹಾಗಾಯಿತು... ಅಷ್ಟು ವರ್ಷ ಅದು ಉಳಿದೀತೇ, ನನ್ನ ಭ್ರಮೆ ಇರಬೇಕು. ಡಾಕ್ಟರರು ಬರೆದ ಔಷಧಗಳು ಅರ್ಧ ಅಳಿಸಿವೆ. ರೋಗಿಯ ಹೆಸರು ಮಾತ್ರ ನಿಚ್ಚಳವಾಗಿದೆ. ಅದು ನನ್ನ ಹೆಸರು. ರೋಗ ಕ್ಷಯ. ನನಗೆ ಈ ಜನ್ಮದಲ್ಲಿ ಕ್ಷಯ ಬಂದಿಲ್ಲ.

ಹೊರಗೆ ಪಡಸಾಲೆಯಲ್ಲಿ ಆರೋಗ್ಯ ವಿಮೆ ಮಾಡಿಸುವವನು ಕೂತಿದ್ದ. ಫಾರ್ಮು ತುಂಬಬೇಕು, ಹಳೇ ದವಾಖಾನಿ ಕಾಗದ ಏನರ ಇದ್ರ ತರ್ರಿ ಸರ್ ಅಂದಿದ್ದ. ಅದಕ್ಕೇ ಸಂದೂಕು ತೆಗೆದದ್ದು. ಅವನು ಕಾಯಲಿ ಬಿಡು ಅಂತ ನಾನು ಅಲ್ಲೇ ನೆಲದ ಮೇಲೆ ಕೂತೆ.

ಆ ಔಷಧ ತಗೊಂಡವರು ಬೇರೆ. ಅವರನ್ನು ನಾವು ತಾಸಿನ ಸರ್ ಅನ್ನುತ್ತಿದ್ದೆವು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗಂಗಾವತಿಯಲ್ಲಿ ನಾನಿದ್ದ ಆ ಸಣ್ಣ ಖಾಸಗಿ ಕಾಲೇಜು ಮುಚ್ಚಿ ಹೋಗಿ ಎಷ್ಟೋ ಕಾಲವಾಯಿತು. ಅಲ್ಲಿ ಎರಡು ಜಾತಿಯ ಮೇಷ್ಟರುಗಳಿದ್ದರು, ಕಾಯಂ ಮತ್ತು ಪಾರ್ಟ್‌ಟೈಮ್. ಕಾಯಂ ಆದವರು ಹಾಜರಿ ಪುಸ್ತಕದಲ್ಲಿ ಸಹಿ ಮಾಡುತ್ತಿದ್ದರು, ತಿಂಗಳಿಗೆ ಪಗಾರ ತಗೊಳ್ಳುತ್ತಿದ್ದರು. ಪಾರ್ಟ್‌ಟೈಮಿನವರಿಗೆ ಬೇರೆ ಒಂದು ನೋಟ್‌ಬುಕ್ಕು. ಎಷ್ಟು ತಾಸು ಪಾಠ ಹೇಳಿದರೋ ಅಷ್ಟು ತಾಸು ಬರೆಯಬೇಕು, ಅಷ್ಟಕ್ಕೇ ದುಡ್ಡು. ಮಾರ್ಚಿನಲ್ಲಿ ನಿಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಿದೆ ಅಂತ ಒಂದು ಕಾಗದ ಕೈಗೆ ಬರುತ್ತಿತ್ತು. ಜುಲೈ ತಿಂಗಳಲ್ಲಿ ಮತ್ತೆ ಹೊಸದಾಗಿ ನೇಮಿಸಿದೆ ಅಂತ ಇನ್ನೊಂದು. ಹೀಗೆ ಪ್ರತಿ ವರ್ಷ ಸತ್ತು ಹುಟ್ಟುತ್ತ ತಾಸಿನ ಸರ್ ಹನ್ನೊಂದು ವರ್ಷ ಕಳೆದಿದ್ದರು. ಕಾಗದದ ಮೇಲೆ ಅವರ ಸೇವೆ ಎಂದೂ ಒಂದು ವರ್ಷ ತುಂಬಲಿಲ್ಲ.

ಅವರ ಊರು ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ಹೆಂಡತಿ, ಮಗಳು ಅಲ್ಲೇ. ಇವರು ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಹಿಂದೆ ಒಂದು ಖೋಲಿ ಹಿಡಿದಿದ್ದರು. ಮುಂಜಾನೆ ಎಂಟರಿಂದ ಹತ್ತೂವರೆ ತನಕ ನಮ್ಮ ಕಾಲೇಜು. ಆಮೇಲೆ ಓಡುತ್ತ ಹೋಗಿ ಕೊಪ್ಪಳದ ಬಸ್ಸು ಹತ್ತಬೇಕು, ಅಲ್ಲಿ ಮಧ್ಯಾಹ್ನದ ಎರಡು ತಾಸು. ಕೈಯಲ್ಲೊಂದು ರೆಕ್ಸಿನ್ ಚೀಲ, ಕೋಟಿನ ತೋಳಿಗೆ ಸದಾ ಸೀಮೆಸುಣ್ಣದ ಪುಡಿ. ಅವರು ಇತಿಹಾಸ ಹೇಳುತ್ತಿದ್ದರೆ ಬೇರೆ ಕ್ಲಾಸಿನ ಹುಡುಗರು ಕಿಟಕಿಗೆ ಬಂದು ನಿಲ್ಲುತ್ತಿದ್ದರು.

ನಾನೂ ಇತಿಹಾಸದವನೇ. ಹೇಳಬೇಕಾದ್ದನ್ನು ಈಗಲೇ ಹೇಳಿಬಿಡುತ್ತೇನೆ. ನಾನು ಕಾಯಂ ಆದ ಹುದ್ದೆಗೆ ಅವರೂ ಅರ್ಜಿ ಹಾಕಿದ್ದರು. ನನಗಿಂತ ಹತ್ತು ವರ್ಷ ಹಿರಿಯರು, ನನಗಿಂತ ಎಷ್ಟೋ ಪಾಲು ಹೆಚ್ಚು ಓದಿಕೊಂಡವರು. ಆದರೆ ಆಡಳಿತ ಮಂಡಳಿಯಲ್ಲಿ ನನ್ನ ಸೋದರಮಾವ ಇದ್ದ, ಅವರ ಪೈಕಿ ಯಾರೂ ಇರಲಿಲ್ಲ. ನಾನು ಸೇರಿದ ದಿನ ಅವರೇ ಬಂದು ತಮ್ಮ ಹನ್ನೊಂದು ವರ್ಷದ ಟಿಪ್ಪಣಿಗಳನ್ನು ನನ್ನ ಮೇಜಿನ ಮೇಲಿಟ್ಟರು. ಹೊಸದಾಗಿ ಮಾಡ್ಕೋತ ಯಾಕ ಕೂಡ್ತೀರಿ, ಇವನ್ನ ಇಟ್ಕೋರಿ ಅಂದರು. ಮರುವರ್ಷ ನನಗೆ ಕಾಮಾಲೆ ಆದಾಗ ಒಂದು ತಿಂಗಳು ನನ್ನ ಕ್ಲಾಸುಗಳನ್ನೂ ಅವರೇ ತಗೊಂಡರು. ನಾನು ಬಂದ ಮೇಲೆ ಹಾಜರಿ ಪುಸ್ತಕಕ್ಕೆ ನನ್ನ ಸಹಿ ಬಿತ್ತು, ಪಗಾರ ಪೂರಾ ಬಂತು. ಅವರ ನೋಟ್‌ಬುಕ್ಕಿನಲ್ಲಿ ಆ ತಾಸುಗಳು ಏರಲೇ ಇಲ್ಲ.

ಕೆಮ್ಮು ಮೊದಲಿಂದಲೂ ಇತ್ತು. ಗಿರಣಿಯ ಹೊಟ್ಟಿನ ಧೂಳು ಅಂತ ಅವರೇ ಹೇಳುತ್ತಿದ್ದರು, ನಾವೂ ನಂಬಿದ್ದೆವು. ಒಂದು ದಿನ ಸ್ಟಾಫ್ ರೂಮಿನ ಹಿಂದೆ ಹೋಗಿ ಕೆಮ್ಮಿ ಬಂದರು. ಕರವಸ್ತ್ರ ಮುಚ್ಚಿಟ್ಟುಕೊಂಡರೂ ರಕ್ತದ ಕಲೆ ನನಗೆ ಕಂಡಿತು. ಬಲವಂತ ಮಾಡಿ ಡಾಕ್ಟರರ ಹತ್ತಿರ ಕರಕೊಂಡು ಹೋದೆ. ಒಂದೂವರೆ ವರ್ಷ ಒಂದು ದಿನ ತಪ್ಪದಂಗ ಔಷಧ ತಗೋಬೇಕು, ನಡುವ ಬಿಟ್ರ ಮುಂದ ಯಾವ ಔಷಧಾನೂ ನಾಟೂದಿಲ್ಲ ನೋಡ್ರಿ ಅಂದರು ಡಾಕ್ಟರು.

ಸರಕಾರಿ ದವಾಖಾನೆಯಲ್ಲಿ ಈ ಔಷಧ ಪುಕ್ಕಟೆ ಸಿಗುತ್ತಿತ್ತು, ನಿಜ. ಆದರೆ ಇಂಜೆಕ್ಷನ್ ಕೊಡುತ್ತಿದ್ದದ್ದು ಮುಂಜಾನೆ, ಪಾಳಿ ಹಚ್ಚಿದರೆ ಹನ್ನೊಂದು ಹೊಡೆಯುತ್ತಿತ್ತು. ಅವರ ತಾಸುಗಳೂ ಮುಂಜಾನೆಯೇ. ಪಾಳಿಗೆ ನಿಂತರೆ ತಾಸು ಹೋಯಿತು, ತಾಸು ಹೋದರೆ ಊಟ ಹೋಯಿತು. ಮೇಲೆ, ಪಾಳಿಯಲ್ಲಿ ನಿಂತದ್ದನ್ನು ಒಬ್ಬ ವಿದ್ಯಾರ್ಥಿ ಕಂಡರೂ ಸಾಕು, ಜುಲೈಯ ಆರ್ಡರ್ ಬರುವುದಿಲ್ಲ. ಕಾಯಂ ಆದವನಿಗೆ ಕ್ಷಯ ಬಂದರೆ ರಜೆ, ಔಷಧ, ಹಾಲು ಹಣ್ಣು. ಅವರಿಗೆ ಬಂದರೆ ಮನೆಯ ದಾರಿ.

ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಪದ್ಧತಿ ಇತ್ತು. ಕಾಯಂ ನೌಕರರ ಔಷಧದ ಖರ್ಚನ್ನು ಕಾಲೇಜು ಮರಳಿ ಕೊಡುತ್ತಿತ್ತು, ಡಾಕ್ಟರರು ರೋಗದ ಹೆಸರು ಬರೆದು ಸಹಿ ಮಾಡಿದರೆ ಆಯಿತು. ಆ ಸವಲತ್ತಿನಲ್ಲಿ ಏನೇನು ಹಾದು ಹೋಗಲಿಲ್ಲ! ಒಬ್ಬರ ಅತ್ತೆಯ ಟಾನಿಕ್ಕು ಅಳಿಯನ ಅಜೀರ್ಣದ ಹೆಸರಲ್ಲಿ, ಒಬ್ಬರ ಕೂದಲೆಣ್ಣೆ ತಲೆನೋವಿನ ಹೆಸರಲ್ಲಿ. ಪ್ರಿನ್ಸಿಪಾಲರದೂ ಇತ್ತು. ಅದನ್ನು ಯಾರೂ ಕಳವು ಅನ್ನುತ್ತಿರಲಿಲ್ಲ. ನಾನು ತಾಸಿನ ಸರ್‌ಗೆ ಹೇಳಿದೆ, ನಿಮ್ಮ ಔಷಧಾನ ನನ್ನ ಹೆಸರ್ಲೆ ಬರಸೋಣ್ರಿ.

ಅವರು ರೆಕ್ಸಿನ್ ಚೀಲದ ಬಾಯಿ ಮುಚ್ಚಿ ಬದಿಗಿಟ್ಟರು. ಆಮೇಲೆ ಕೇಳಿದರು, ನಿಮಗೇನೂ ಆಗೂದಿಲ್ಲಲ್ರಿ? ನನಗೇನಾಗುತ್ತದೆ ಅಂದೆ. ಸುಳ್ಳ್ಯಾಕ ಹೇಳಲಿ, ಅವತ್ತು ನನ್ನ ಬಗ್ಗೆ ನನಗೇ ಭಾಳ ಹೆಮ್ಮೆ ಅನಿಸಿತ್ತು. ಅಂಗಡಿಯವನಿಗೆ ನಾನು ಕೊಡುತ್ತಿದ್ದೆ, ಕಾಲೇಜು ನನಗೆ ಕೊಡುತ್ತಿತ್ತು. ನನ್ನ ಕಿಸೆಯಿಂದ ಹೋದದ್ದು ಏನೂ ಇಲ್ಲ. ಏನೂ ಹೋಗದಿರುವ ತನಕ ನಾನು ದೊಡ್ಡ ಮನುಷ್ಯನಾಗಿದ್ದೆ.

ಎಂಟು ತಿಂಗಳು ನಡೆಯಿತು. ಸಂಜೆ ಬಸ್ಸು ಇಳಿದು ಡಾಕ್ಟರರ ಕಡೆ ಹೋಗಿ ಇಂಜೆಕ್ಷನ್ ಚುಚ್ಚಿಸಿಕೊಂಡು ಬರುತ್ತಿದ್ದರು. ಕೆಮ್ಮು ಇಳಿಯಿತು, ಗಲ್ಲ ತುಂಬಿಕೊಂಡವು. ಒಂದು ಭಾನುವಾರ ಇಬ್ಬರೂ ಹೇಮಗುಡ್ಡಕ್ಕೆ ಹೋದೆವು. ನಾನು ಅರ್ಧಕ್ಕೇ ಏದುಸಿರು ಬಿಡುತ್ತ ಕೂತೆ, ಅವರು ಮೇಲೆ ಹತ್ತಿ ನಿಂತು ನಕ್ಕರು. ರೋಗ ನಿಮಗ ಐತೋ ನನಗ ಐತೋ ಅಂದರು. ಅವರು ಹಾಗೆ ಬಾಯ್ತುಂಬ ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ...

ಆ ಬೇಸಿಗೆಗೆ ಮುಂಚೆ ನನ್ನ ಲಗ್ನ ಗೊತ್ತಾಯಿತು. ಹುಡುಗಿಯ ತಂದೆ ಕಾರಟಗಿಯ ಅಕ್ಕಿ ವ್ಯಾಪಾರಿ, ಅನುಕೂಲಸ್ಥರು. ನಮ್ಮ ಕಾಲೇಜಿನ ಗುಮಾಸ್ತನ ಹೆಂಡತಿಯ ತವರು ಕಾರಟಗಿ. ನನ್ನ ಬಿಲ್ಲುಗಳು ಅವನ ಮೇಜಿನ ಮೇಲೆಯೇ ಹಾದು ಹೋಗುತ್ತಿದ್ದವು, ಅವುಗಳ ಮೇಲಿನ ರೋಗದ ಹೆಸರನ್ನು ಅವನು ನಿಜ ಅಂತಲೇ ನಂಬಿದ್ದ. ಒಂದು ಹೆಣ್ಣಿನ ಬಾಳು ಹಾಳಾಗಬಾರದು ಅಂತ, ಕೆಟ್ಟ ಮನಸ್ಸಿನಿಂದಲ್ಲ, ಅವನು ಸುದ್ದಿ ಮುಟ್ಟಿಸಿದ. ಮರುದಿನವೇ ಹುಡುಗಿಯ ತಂದೆ ನನ್ನ ಖೋಲಿಗೆ ಬಂದರು. ಕೊಟ್ಟ ಚಹಾ ಮುಟ್ಟಲಿಲ್ಲ.

“ನಿಮಗ ಎದಿ ರೋಗ ಐತಂತ ಸುದ್ದಿ ಬಂದೈತ್ರಿ. ಸುಳ್ಳಿದ್ರ ಸುಳ್ಳಂತ ನಿಮ್ಮ ಕಾಲೇಜಿಂದ ಬರಸಿ ಕೊಡ್ರಿ. ಮೂರು ದಿನ ಕಾಯ್ತೀನಿ.”

ಹುಡುಗಿಯನ್ನು ನೋಡಿ ಬಂದಿದ್ದೆ, ಮನಸ್ಸು ಅಲ್ಲೇ ಇತ್ತು. ಆ ಸಂಜೆಯೇ ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದೆ. ನನಗೆ ಕ್ಷಯವಿಲ್ಲ, ಎಂದೂ ಇರಲಿಲ್ಲ, ಆ ಔಷಧಗಳು ಇಂಥವರವು, ಅವರ ಕಷ್ಟ ನೋಡಲಾರದೆ ನನ್ನ ಹೆಸರು ಕೊಟ್ಟೆ ಅಂತ ಬರೆದೆ. ಅವರ ಹೆಸರನ್ನು ಸ್ಪಷ್ಟವಾಗಿ, ಅಕ್ಷರ ಬಿಡದೆ ಬರೆದೆ. ಪತ್ರ ಕೊಡುವ ಮುಂಚೆ ಅವರಿಗೊಂದು ಮಾತು ಹೇಳಬೇಕು ಅಂತ ನನಗೆ ಹೊಳೆಯಲಿಲ್ಲ. ಹೊಳೆದಿತ್ತು. ಹೇಳಲಿಲ್ಲ.

ಪ್ರಿನ್ಸಿಪಾಲರು ನನ್ನನ್ನು ಕರೆದು ಬಾಗಿಲು ಹಾಕಿ ಬುದ್ಧಿ ಹೇಳಿದರು. ಸೋದರಮಾವ ನಡುವೆ ಬಿದ್ದ. ನನ್ನ ಮೇಲಿನ ತಪ್ಪು ಅಲ್ಲಿಗೇ ಮುಗಿಯಿತು. ಕಾರಟಗಿಗೆ ಕಾಗದ ಹೋಯಿತು, ಮೇ ತಿಂಗಳಲ್ಲಿ ಅಕ್ಕಿ ಕಾಳು ಬಿದ್ದವು. ತಾಸಿನ ಸರ್‌ಗೆ ಯಾರೂ ಏನೂ ಅನ್ನಲಿಲ್ಲ. ಮಾರ್ಚಿನ ಬಿಡುಗಡೆ ಕಾಗದ ಎಂದಿನಂತೆ ಬಂತು, ಅವರು ಎಂದಿನಂತೆ ಊರಿಗೆ ಹೋದರು. ನನ್ನ ಹೆಸರಿನ ಬಿಲ್ಲು ಇನ್ನು ನಡೆಯುವಂತಿರಲಿಲ್ಲ. ಬೇಸಿಗೆಯ ಔಷಧದ ಬಗ್ಗೆ ಅವರು ಕೇಳಲಿಲ್ಲ. ನಾನೂ ಎತ್ತಲಿಲ್ಲ.

ಜುಲೈಯಲ್ಲಿ ಬಂದರು. ಪ್ರತಿ ವರ್ಷದ ಹಾಗೆ ಆಫೀಸಿನ ಮುಂದಿನ ಬೆಂಚಿನ ಮೇಲೆ ಆರ್ಡರಿಗಾಗಿ ಕೂತರು. ಒಂದು ದಿನ, ಎರಡು ದಿನ. ಮೂರನೇ ದಿನ ಸಿಪಾಯಿ ಅವರಿಗೆ ಚಹಾ ತಂದುಕೊಟ್ಟ, ಕಿವಿ ಮುರಿದ ಒಂದು ಬೇರೆ ಕಪ್ಪಿನಲ್ಲಿ. ಅವರು ಕಪ್ಪನ್ನು ತಿರುಗಿಸಿ ನೋಡಿದರು, ಚಹಾ ಕುಡಿದರು, ತಾವೇ ನಲ್ಲಿಯ ಹತ್ತಿರ ಹೋಗಿ ತೊಳೆದಿಟ್ಟರು. ನನ್ನ ಪತ್ರದ ಮಾತು ಅವರಿಗೆ ತಿಳಿದದ್ದು ಆಗಲೇ, ಆ ಸಿಪಾಯಿಯಿಂದಲೇ ಇರಬೇಕು.

ನಾನು ವರಾಂಡದಲ್ಲಿ ಹಾದು ಹೋಗುತ್ತಿದ್ದೆ, ತಪ್ಪಿಸಿಕೊಳ್ಳಲು ಆಗಲಿಲ್ಲ. ಅವರು ಎದ್ದು ನಿಂತರು. ಸಿಟ್ಟಿದ್ದರೆ ಛಲೋ ಇತ್ತು, ಇರಲಿಲ್ಲ. ಹುಡುಗರು ತಪ್ಪು ಉತ್ತರ ಬರೆದಾಗ ಹೇಳುವ ದನಿಯಲ್ಲೇ ಹೇಳಿದರು.

“ನಿಮ್ಮದೊಂದು ಎಕ್ಸ್‌ರೇ ತಗಿಸಿ ತೋರಿಸಿದ್ರ ಮುಗೀತಿತ್ತಲ್ರಿ. ನಿಮ್ಮ ಎದಿ ಸ್ವಚ್ಛ ಐತಿ. ನನ್ನ ಹೆಸರು ಯಾಕ ಬೇಕಾಗಿತ್ತು?”

ಹೌದು. ಒಂದು ಎಕ್ಸ್‌ರೇ. ಇತಿಹಾಸ ಓದಿದವನು, ಸಾಕ್ಷಿ ಪುರಾವೆ ಅಂತ ದಿನಾ ಕ್ಲಾಸಿನಲ್ಲಿ ಕೊರೆಯುವವನು. ಆ ಮೂರು ದಿನ ಅದು ನನ್ನ ತಲೆಗೇ ಬರಲಿಲ್ಲ. ನನ್ನನ್ನು ಉಳಿಸಿಕೊಳ್ಳಲು ಮತ್ತೊಬ್ಬನನ್ನು ತೋರಿಸಲೇಬೇಕು ಅಂತ ಅದೇಕೆ ಅನಿಸಿತೋ... ಅವರು ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದರು. ಕೊಪ್ಪಳದ ಕಾಲೇಜಿಗೂ ಸುದ್ದಿ ಮುಟ್ಟಿತ್ತಂತೆ, ಅಲ್ಲಿಯ ತಾಸುಗಳೂ ಹೋದವು.

ಮುಂದಿನ ಮಳೆಗಾಲಕ್ಕೆ ಅವರು ತೀರಿಕೊಂಡ ಸುದ್ದಿ ಬಂತು. ಔಷಧ ನಡುವೆ ಬಿಟ್ಟರೆ ಏನಾಗುತ್ತದೆ ಅಂತ ಡಾಕ್ಟರು ಹೇಳಿದ್ದರೋ ಅದೇ ಆಗಿತ್ತು. ಮಣ್ಣಿಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಎರಡು ತಿಂಗಳು ಬಿಟ್ಟು ಹೋದೆ. ಕುಷ್ಟಗಿಯ ಬಸ್ಸು ಹಿಡಿದು, ಅಡ್ಡರಸ್ತೆಗೆ ಇಳಿದು, ಎರಡು ಮೈಲು ನಡೆದೆ. ಅವರ ಹೆಂಡತಿ ಚಾಪೆ ಹಾಸಿದರು. ನನ್ನ ಹೆಸರು ಹೇಳಿದ ಕೂಡಲೇ ಒಳಗೆ ಹೋಗಿ ಕೋಟಿನ ಕಿಸೆಯಿಂದ ಈ ಚೀಟಿ ತಂದು ನನ್ನ ಮುಂದೆ ಇಟ್ಟರು. ಅದರಲ್ಲಿದ್ದ ಹೆಸರು, ರೋಗ ಎರಡನ್ನೂ ಮಗಳು ಓದಿ ಹೇಳಿದ್ದಳಂತೆ.

“ನಿಮ್ಮ ಚೀಟಿ ಅವರ ಕಡೇನ ಉಳದಿತ್ರಿ. ನಿಮಗ ಔಷಧ ತಂದು ಕೊಡೂದು, ಚಾಕರಿ ಮಾಡೂದು ಅವರಽ ಮಾಡ್ತಿದ್ರೇನೊ. ನಮಗ ಒಂದ ಮಾತು ಹೇಳಲಿಲ್ಲ. ಆ ರೋಗ ಹಂಗಽ ಹತ್ತಿರಬೇಕು ಅವರಿಗೆ. ಹೋಗ್ಲಿ ಬಿಡ್ರಿ, ನಿಮ್ಮದೇನು ತಪ್ಪೈತಿ. ನಿಮಗರ ಗುಣ ಆತಿಲ್ಲೊ?”

ಆಕೆಯ ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ತಮ್ಮ ರೋಗವನ್ನು ಸರ್ ಕೊನೆಯ ತನಕ ಮನೆಯಲ್ಲಿ ಬರೇ ಕೆಮ್ಮು ಅಂತಲೇ ಹೇಳಿದ್ದರು. ನಾನು ನಿಜ ಹೇಳಬಹುದಿತ್ತು. ಪತ್ರದ ಮಾತು, ಬೆಂಚಿನ ಮಾತು, ಎಲ್ಲ. ನನ್ನ ಬಾಯಿಂದ ಬಂದದ್ದು ಇಷ್ಟೇ, “ಹೂಂರಿ, ಗುಣ ಆತು.” ಆಕೆ ಕಣ್ಣೊರೆಸಿಕೊಂಡು, ಅಷ್ಟಾದ್ರೂ ಆತಲ್ಲ ಅಂದರು. ಬರುವಾಗ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಕಟ್ಟಿಕೊಟ್ಟರು. ಬಸ್ಸಿನಲ್ಲಿ ಹಸಿವಾಗಿ ನಾನು ಅದನ್ನು ತಿಂದೆ.

ಪಡಸಾಲೆಯಿಂದ ಸರ್ ಅಂತ ಕೂಗು ಬಂತು. ಚೀಟಿ ಮಡಚಿ ಕಿಸೆಗಿಟ್ಟುಕೊಂಡು ಹೊರಗೆ ಬಂದೆ. ವಿಮೆಯವನಿಗೆ ಮೂವತ್ತೈದರ ಮೇಲೆ ವಯಸ್ಸು. ಮುಂಜಾನೆ ಇಲ್ಲೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಂತೆ, ಮಧ್ಯಾಹ್ನದ ಮೇಲೆ ಈ ಕೆಲಸ. ಬೇಸಿಗೆಯಲ್ಲಿ ಪಗಾರ ಇಲ್ಲವಂತೆ. ಎಷ್ಟು ವರ್ಷ ಆಯಿತು ಅಂದೆ, ಒಂಬತ್ತು ಅಂದ. ನಿನಗ ಮಾಡಿಸಿಕೊಂಡೀಯೇನಪಾ ಈ ಪಾಲಿಸಿ ಅಂತ ಕೇಳಿದೆ. ಅವನು ಫಾರ್ಮಿನಿಂದ ತಲೆ ಎತ್ತದೆ ನಕ್ಕ.

“ನಮಗೆಲ್ಲಿದ್ರಿ ಸರ್. ಇಲ್ಲಿ ಹೇಳ್ರಿ, ನಿಮಗ ಹಿಂದ ಯಾವಾಗರ ಕ್ಷಯ ಇತ್ತೇನ್ರಿ?”

ಈ ಪ್ರಶ್ನೆಗೆ ನಾನು ಹಿಂದೆ ಎರಡು ಸಲ ಉತ್ತರ ಕೊಟ್ಟವನು. ಇಲ್ಲ ಅಂತ ನಿಜ ಬರೆದು ಕೊಟ್ಟಾಗ ತಾಸಿನ ಸರ್ ಹೋದರು. ಹೌದು ಅಂತ ಸುಳ್ಳು ಹೇಳಿದಾಗ ಅವರ ಹೆಂಡತಿ ನನ್ನ ಆಯುಷ್ಯಕ್ಕೆ ಸಂತೋಷಪಟ್ಟರು. ಇವತ್ತು ಅವರಿದ್ದಿದ್ದರೆ ಎಂಬತ್ತು ದಾಟುತ್ತಿದ್ದರು. ಅವರ ಟಿಪ್ಪಣಿ ಇಟ್ಟುಕೊಂಡೇ ನಾನು ಮೂವತ್ತು ವರ್ಷ ಪಾಠ ಹೇಳಿದೆ, ನಿವೃತ್ತನಾದಾಗ ಶಾಲು ಹೊದಿಸಿಕೊಂಡೆ.

“ಇಲ್ಲ” ಅಂದೆ.

“ಛಲೋ ಆತ್ರಿ ಸರ್, ಇನ್ನ ನಿಮಗ ಏನೂ ತೊಂದ್ರಿ ಇಲ್ಲ. ಹಳೇ ಕಾಗದ ಏನರ ಸಿಕ್ತೇನ್ರಿ?”

ಏನೂ ಸಿಗಲಿಲ್ಲ ಅಂತ ಹೇಳಿ ಅವನು ತೋರಿಸಿದಲ್ಲಿ ಸಹಿ ಮಾಡಿದೆ.