ಲಾರಾಬಂಗಾದಲ್ಲಿ ಬೋರ್ ಹೊಡೆದ ಉಟಗಿಯ ಗೊಲ್ಲಾಳಪ್ಪ

ಉಟಗಿಯಿಂದ ತಿಕೋಂಡಿಯ ಕಡೆ ಹೋಗುವ ದಾರಿಯ ಪಕ್ಕದ ಹೊಲದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೋರ್ ಗಾಡಿಯ ಕಂಪ್ರೆಸರ್ ಆಗಲೇ ಅಬ್ಬರಿಸುತ್ತಿದೆ. ಕೊರೆದ ಬಾಯಿಂದ ಬೂದಿಬಣ್ಣದ ಹುಡಿ ಭುಸುಗುಟ್ಟಿ ಏಳುತ್ತದೆ. ಗೊಲ್ಲಾಳಪ್ಪ ಅದರೊಳಗೆ ಕೈಚಾಚಿ ಒಂದು ಹಿಡಿ ಕಲ್ಲುಪುಡಿ ಹಿಡಿಯುತ್ತಾರೆ, ಬೆರಳಲ್ಲಿ ತಿಕ್ಕುತ್ತಾರೆ, ಮೂಗಿಗೆ ಹಿಡಿಯುತ್ತಾರೆ. ಹಸಿ ವಾಸನೆಯಿಲ್ಲ. ಇನ್ನೊಂದು ರಾಡ್ ಇಳಿಸಿ ಎಂದು ಕೈಸನ್ನೆ ಮಾಡುತ್ತಾರೆ. ಈ ಸದ್ದಿನಲ್ಲಿ ಬಾಯಿಗೆ ಕೆಲಸವಿಲ್ಲ.

ವಯಸ್ಸು ಐವತ್ತಮೂರು. ಕುರಿ ಕಾಯುವ ಮನೆತನ. ಹತ್ತೊಂಬತ್ತನೆಯ ವಯಸ್ಸಿಗೆ ಕುರಿ ಬಿಟ್ಟು ಬೋರ್ ಗಾಡಿ ಹತ್ತಿದವರು ಇನ್ನೂ ಇಳಿದಿಲ್ಲ. ಒಂದು ರಾಡ್ ಎಂದರೆ ಇಪ್ಪತ್ತು ಫೂಟು. ಗಡಿಯಾಚೆಯ ಜತ್ತ ತಾಲೂಕಿನ ಈ ಒಣ ಭಾಗದಲ್ಲಿ ಮೂವತ್ತು ರಾಡ್ ಇಳಿಸಿದರೂ ಕೆಲವೊಮ್ಮೆ ಹುಡಿಯೇ ಗತಿ. ಮೂವತ್ತನಾಲ್ಕು ವರ್ಷದ ಸದ್ದಿಗೆ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯ ಹತ್ತಿರ ನಿಂತು ಮಾತಾಡಬೇಕು. ಚಳಿಗಾಲದಲ್ಲಿ ಕೆಮ್ಮು ಹಿಡಿದರೆ ಬೇಸಿಗೆಗೆ ಬಿಡುತ್ತದೆ.

ಇಂಥ ಗೊಲ್ಲಾಳಪ್ಪ ಹನ್ನೆರಡು ವರ್ಷದ ಹಿಂದೆ ಪಶ್ಚಿಮ ಆಫ್ರಿಕಾದ ಘಾನಾ ದೇಶಕ್ಕೆ ಹೋಗಿದ್ದರು. ಹಳ್ಳಿಗಳಲ್ಲಿ ಕುಡಿಯುವ ನೀರಿನ ಬೋರ್ ಹೊಡೆಯುವ ಗುತ್ತಿಗೆ. ಎರಡು ವರ್ಷ ಇದ್ದು, ನೂರಾ ಹನ್ನೊಂದು ಬೋರ್ ಹೊಡೆದು ಬಂದರು. ಉಟಗಿಯಿಂದ ವಿಮಾನ ಹತ್ತಿದ ಮೊದಲಿಗರೆಂದು ಊರು ಅವರನ್ನು ಘಾನಾ ಗೊಲ್ಲಾಳಪ್ಪ ಎಂದೇ ಕರೆಯಿತು. ಆ ಹೆಸರಿಗೆ ಕಳೆದ ವರ್ಷ ಕುತ್ತು ಬಂತು.

ಊರಿನ ಕನ್ನಡ ಸಾಲೆಯ ಶಿಕ್ಷಕಿ ವಿಜಯಶ್ರೀ ಮಕ್ಕಳಿಗೆ ಭೂಗೋಳ ಕಲಿಸುವಾಗ, ಪುಸ್ತಕಕ್ಕಿಂತ ಕಣ್ಣಾರೆ ಕಂಡವರೇ ಹೇಳಲಿ ಎಂದು ಅವರನ್ನು ಕರೆಸಿದರು. ಘಾನಾದಲ್ಲಿ ನೋಡಲೇಬೇಕಾದ ಸ್ಥಳಗಳ ಪಟ್ಟಿಯನ್ನು ಕಂಪ್ಯೂಟರಿನಿಂದ ತೆಗೆದಿಟ್ಟುಕೊಂಡು ಒಂದೊಂದೇ ಹೆಸರು ಓದಿದರು. ಮನುಷ್ಯರನ್ನು ಕೂಡಿಹಾಕಿ ಹಡಗಿಗೆ ತುಂಬುತ್ತಿದ್ದ ಕೇಪ್ ಕೋಸ್ಟಿನ ಕೋಟೆ ನೋಡಿದಿರಾ ಎಂದು ಕೇಳಿದರು. ಇಲ್ಲ. ಕಾಕುಮ್ ಕಾಡಿನಲ್ಲಿ ಮರದ ತುದಿಯಿಂದ ತುದಿಗೆ ಕಟ್ಟಿದ ತೂಗುಸೇತುವೆ? ಇಲ್ಲ. ಕಿಂತಾಂಪೊ ಜಲಪಾತ? ಆ ಊರಿನ ಹೆಸರು ಕೇಳಿದಂತಿತ್ತು. ಅಲ್ಲಿ ಲಾರಿ ನಿಲ್ಲಿಸಿ ಪಂಕ್ಚರ್ ತೆಗೆಸಿದ ನೆನಪು. ನೀರು ಬೀಳುವುದನ್ನು ಕಂಡಿರಲಿಲ್ಲ. ಮಕ್ಕಳು ಮುಖ ಮುಖ ನೋಡಿಕೊಂಡರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಸಂಜೆಯೊಳಗೆ ಊರೆಲ್ಲ ಸುದ್ದಿ. ಗುಡ್ಡಾಪುರಕ್ಕೆ ಹೋಗಿ ದಾನಮ್ಮದೇವಿಯ ದರ್ಶನ ಮಾಡದೆ ಬಂದವನ ಕಥೆ ಇದು ಎಂದು ಊರ ಕಟ್ಟೆಯ ಮೇಲೆ ಕೂರುವ ಧೂಳಪ್ಪ ನಗೆಯಾಡಿದರು. ಗೊಲ್ಲಾಳಪ್ಪ ಪಾಸ್‌ಪೋರ್ಟ್ ತಂದು ಅದರೊಳಗಿನ ಘಾನಾದ ಠಸ್ಸೆ ತೋರಿಸಿದರು. ಹೋದದ್ದನ್ನು ಯಾರೂ ಅಲ್ಲಗಳೆಯಲಿಲ್ಲ. ಹೋಗಿ ಕಂಡದ್ದೇನು ಎಂಬುದೇ ಪ್ರಶ್ನೆ.

"ನಾ ಎಲ್ಲಿ ಹೋದ್ರೂ ಹತ್ತು ಮಾರು ಜಾಗಾದಾಗ ನಿಂತಾವ್ರಿ. ಎಲ್ಲಾರೂ ಮ್ಯಾಲ ನೋಡ್ತಾರ, ನಾ ಕೆಳಗ ನೋಡ್ತೀನಿ. ಹಂಗಾದ್ರ ನಾ ಆ ದೇಶ ನೋಡೀನೋ, ನೋಡಿಲ್ಲೋ, ನನಗ ತಿಳೀವಲ್ದು" ಎನ್ನುತ್ತಾರೆ ಗೊಲ್ಲಾಳಪ್ಪ.

ಮಕ್ಕಳೆದುರು ಅವರಿಗೆ ಅವಮಾನವಾಯಿತಲ್ಲ ಎಂದು ವಿಜಯಶ್ರೀಯವರಿಗೂ ಕೆಡುಕೆನಿಸಿತ್ತು. ಎಂಟು ದಿನ ಬಿಟ್ಟು ಅವರೇ ಮನೆಗೆ ಬಂದು, ಪಟ್ಟಿಯ ಚಿತ್ರಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ತೋರಿಸಿದರು. ಏಳನೆಯ ಚಿತ್ರಕ್ಕೆ ಗೊಲ್ಲಾಳಪ್ಪ ಶಿಕ್ಷಕಿಯ ಕೈ ಹಿಡಿದು ನಿಲ್ಲಿಸಿದರು. ಮಣ್ಣಿನಿಂದ ಕಟ್ಟಿ ಸುಣ್ಣ ಬಳಿದ ಪುಟ್ಟ ಮಸೀದಿ, ಗೋಡೆಯಿಂದ ಹೊರಚಾಚಿದ ಮರದ ತುಂಡುಗಳು. ಲಾರಾಬಂಗಾ ಎಂಬ ಹಳ್ಳಿ. ಆ ದೇಶದ ಬಹಳ ಹಳೆಯ ಮಸೀದಿಗಳಲ್ಲಿ ಒಂದು, ದೂರದೂರದಿಂದ ಜನ ನೋಡಲು ಬರುತ್ತಾರೆ ಎಂದು ಕೆಳಗೆ ಬರೆದಿತ್ತು. ಆ ಊರಿನಲ್ಲಿ ಗೊಲ್ಲಾಳಪ್ಪ ಐದು ವಾರ ಇದ್ದರು. ದಿನಾ ಅದರ ಮುಂದೆಯೇ ಹಾದು ನೀರಿನ ಡಬ್ಬಿ ಹೊತ್ತವರು. ನೋಡಲೇಬೇಕಾದದ್ದು ಎಂದು ಯಾರೂ ಹೇಳಿರಲಿಲ್ಲ.

ಖುಷಿಯಾಗಬೇಕಿತ್ತು. ಆದರೆ ಮುಂದಿನ ಚಿತ್ರ ಅವರನ್ನು ಇನ್ನಷ್ಟು ಗೊಂದಲಕ್ಕೆ ಕೆಡವಿತು. ಅದೇ ಊರಿನ ಅಂಚಿನಲ್ಲಿರುವ ಒಂದು ಕಲ್ಲು. ರಸ್ತೆ ಮಾಡಲು ಅದನ್ನು ಎಷ್ಟು ಸಲ ಸರಿಸಿದರೂ ಮರುದಿನ ಮೊದಲಿನ ಜಾಗದಲ್ಲೇ ಇರುತ್ತಿತ್ತಂತೆ. ಕಡೆಗೆ ರಸ್ತೆಯನ್ನೇ ಬಾಗಿಸಿದರೆಂದು ಅಲ್ಲಿಯವರು ನಂಬುತ್ತಾರೆ. ಗೊಲ್ಲಾಳಪ್ಪನವರ ಮುಖ ಬಾಡಿತು. ಆ ಕಲ್ಲಿನ ಮೇಲೆ ಅವರು ಒಂದು ಮುಂಜಾನೆ ತಮ್ಮ ಒದ್ದೆ ಟಾವೆಲ್ ಹರವಿದ್ದರು.

ಅವತ್ತು ಒಬ್ಬ ಮುದುಕ ಬಂದಿದ್ದ. ಟಾವೆಲನ್ನು ಮೆಲ್ಲಗೆ ತೆಗೆದು, ಮಡಚಿ, ಇವರ ಹೆಗಲಿಗೆ ಹಾಕಿದ. ಕೈ ಹಿಡಿದುಕೊಂಡು ಬಹಳ ಹೊತ್ತು ಏನೋ ಹೇಳಿದ. ಭಾಷೆ ಬಾರದು, ಕಿವಿಯೂ ಮಂದ. ಇವರು ತಲೆಯಾಡಿಸಿ ಕೆಲಸಕ್ಕೆ ಹೋದರು. ಅಷ್ಟರೊಳಗೆ ಆ ಊರಿನಲ್ಲಿ ಹೊಡೆದ ಎರಡು ಬೋರಿನಲ್ಲಿ ನೀರೇ ಬಂದಿರಲಿಲ್ಲ. ಮೂರನೆಯದರಲ್ಲಿ ಮರುದಿನ ನೂರಾ ಎಂಬತ್ತು ಫೂಟಿಗೆ ಸಿಹಿನೀರು ಬಂತು.

"ನಮ್ಮಲ್ಲಿ ಸಿದ್ಧರ ಕಲ್ಲಿನ ಮ್ಯಾಲ ಯಾರರೆ ಅರಬಿ ಒಣಗಿಸಿದ್ರ ನಾವು ಸುಮ್ನ ಬಿಡ್ತೀವೇನ್ರಿ? ಆ ಮುತ್ಯಾ ಬೈದ್ನೋ, ಹರಸಿದ್ನೋ? ಇಷ್ಟು ವರ್ಷ ಅದು ನೆನಪಿಗೇ ಬಂದಿದ್ದಿಲ್ಲ. ಈಗ ಬಿಡವಲ್ದು" ಎನ್ನುತ್ತಾರೆ.

ಹದಿನೈದು ದಿನ ಅವರು ಸರಿಯಾಗಿ ಉಣ್ಣಲಿಲ್ಲ. ಹೆಂಡತಿ ಕಾಳವ್ವ ಕೇಳಿ ಕೇಳಿ ವಿಷಯ ತಿಳಿದುಕೊಂಡರು. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಬಗೆಹರಿಸಿದರು: "ಸಿಟ್ಟಾಗಿದ್ರ ನೀರು ಕೊಡ್ತಿತ್ತೇನು ಆ ಕಲ್ಲು? ಬಾಗಿಸಿದ ರಸ್ತಾ ನೋಡಾಕ ಮಂದಿ ಬರ್ತಾರ. ನೀವು ಹೊಡದ ಬೋರಿನ ನೀರು ಕುಡ್ಯಾಕ ಅಲ್ಲಿಯವರಿಗೆ ಬೇಕು."

ಗೊಲ್ಲಾಳಪ್ಪನವರಿಗೆ ಅರ್ಧ ಸಮಾಧಾನವಾಯಿತು. ಉಳಿದರ್ಧಕ್ಕೆ ವಿಜಯಶ್ರೀ ಪ್ರವಾಸಿಯೊಬ್ಬ ತೆಗೆದ ಲಾರಾಬಂಗಾದ ವಿಡಿಯೊ ಹುಡುಕಿಕೊಟ್ಟರು. ಸಾಲೆಯ ಮಕ್ಕಳೆಲ್ಲ ಕೂಡಿ ನೋಡಿದರು. ಮಕ್ಕಳ ಕಣ್ಣು ಮಸೀದಿಯ ಮೇಲಿತ್ತು. ಗೊಲ್ಲಾಳಪ್ಪ ಮಾತ್ರ ಚಿತ್ರದ ಮೂಲೆಯನ್ನೇ ದಿಟ್ಟಿಸಿದರು. ಅಲ್ಲೊಂದು ಕೈಪಂಪು, ಇಲ್ಲಿಯವರು ಹಾಪಸಾ ಎನ್ನುವಂಥದ್ದು. ಹೆಂಗಸೊಬ್ಬಳು ಬೋಗುಣಿ ಇಟ್ಟು ಹಿಡಿಕೆ ಒತ್ತುತ್ತಿದ್ದಳು. ಅದು ತಮ್ಮದೇ ಬೋರೋ, ಬೇರೆಯವರದೋ? ಕೈಪಂಪುಗಳೆಲ್ಲ ಒಂದೇ ನಮೂನೆ. ಹಿಂದಿನ ಬೇಲಿ ಆಗ ಇರಲಿಲ್ಲ, ಮರ ಇತ್ತೋ ಏನೋ. ವಿಡಿಯೊವನ್ನು ಹಿಂದಕ್ಕೆ ತಿರುಗಿಸಿ ಆರು ಸಲ ಹಾಕಿಸಿದರು. ಕಡೆಗೂ ಗುರುತು ಹತ್ತಲಿಲ್ಲ.

ಕಲ್ಲು ಮುನಿಯಿತೋ ಒಲಿಯಿತೋ, ಮುದುಕ ಏನು ಹೇಳಿದ ಎಂಬುದು ಇನ್ನು ತಿಳಿಯುವಂತಿಲ್ಲ ಎಂದು ಅವರೂ ಒಪ್ಪಿಕೊಂಡಿದ್ದಾರೆ. ಘಾನಾಕ್ಕೆ ಮತ್ತೆ ಹೋಗುವ ಅವಕಾಶ ಸಿಕ್ಕರೆ ಪಟ್ಟಿಯಲ್ಲಿರುವ ಯಾವ ಜಾಗ ಮೊದಲು ನೋಡುತ್ತೀರಿ ಎಂದು ಕೇಳಿದರೆ, ಆ ವಿಡಿಯೊದ ಮಾತೇ ಆಡುತ್ತಾರೆ.

"ಆ ಹೆಣ್ಮಗಳು ಹಿಡಕಿ ಒತ್ತೂದು ಎಣಿಸೀನ್ರಿ. ಮೂರನೇದಕ್ಕ ನೀರು ಬಿತ್ತು. ಅಂದ್ರ ನೀರು ಇನ್ನೂ ಮ್ಯಾಲೇ ಐತಿ. ನಂದಿರಲಿ, ಯಾರದರೆ ಇರಲಿ, ಬೋರ್ ಹೊಡದಾವ ಚಲೋ ಹೊಡದಾನ."