ಹದಿನೇಳನೇ ಕಂಬದವರೆಗೆ

ಕಂಬ ಹತ್ತುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಸೆಕ್ಷನ್ನಿನಲ್ಲಿ ಯಾರೂ ಇರಲಿಲ್ಲ. ಈ ಮಾತನ್ನು ಹೇಳುತ್ತಿದ್ದವನು ನಾನೊಬ್ಬನೇ. ಅರಕಲಗೂಡು ತಾಲ್ಲೂಕಿನ ನಮ್ಮೂರು ಮತ್ತು ಸುತ್ತಲಿನ ಐದಾರು ಹಳ್ಳಿಗಳ ಕರೆಂಟಿನ ಕೆಲಸಕ್ಕೆ ನಾನು ಗುತ್ತಿಗೆಯವನು. ಊರವರಿಗೆ ಗುತ್ತಿಗೆ, ಕಾಯಂ ಎಂಬ ಭೇದವಿಲ್ಲ. ಕಂಬದ ಮೇಲೆ ಕಂಡವನು ಲೈನ್‌ಮನ್. ಅವನು ಕೆಳಗಿಳಿದ ಕೂಡಲೇ ಬೈಯಬೇಕು.

ಕಾಯಂ ಆಗಬೇಕಾದರೆ ದೈಹಿಕ ಪರೀಕ್ಷೆ ದಾಟಬೇಕಿತ್ತು. ಕಂಬ ಹತ್ತುವುದು, ಗುಂಡು ಎಸೆಯುವುದು, ಹಗ್ಗ ಜಿಗಿಯುವುದು, ನೂರು ಮೀಟರ್ ಓಟ, ಇವೆಲ್ಲ ನನಗೆ ಲೆಕ್ಕವೇ ಅಲ್ಲ. ಕಡೆಗೆ ಎಂಟುನೂರು ಮೀಟರ್ ಇತ್ತು. ಅದನ್ನು ಮೂರು ನಿಮಿಷದೊಳಗೆ ಓಡಿ ಮುಗಿಸಬೇಕು. ಹಿಂದಿನ ಸಲ ಕೊನೆಯ ತಿರುವಿನಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದೆ. ಮಾರನೆಯ ದಿನ ಸೆಕ್ಷನ್ ಆಫೀಸಿನ ಮುಂದೆ ಅದನ್ನೇ ಆಡಿ ತೋರಿಸಿದೆ. ಏದುಸಿರು, ಕುಕ್ಕರುಗಾಲು, ಸೀಟಿ ಊದುವವನ ಬೇಸರದ ಮುಖ, ಒಂದನ್ನೂ ಬಿಡಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೇರೆಯವರು ಆಡಿಕೊಳ್ಳುವ ಮೊದಲು ನನ್ನನ್ನು ನಾನೇ ಆಡಿಕೊಂಡುಬಿಡುವುದು ನನ್ನ ಹಳೆಯ ಉಪಾಯ. ಆದರೆ ಈ ಸಲ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಆಮೇಲೆ ಜೀವಮಾನವಿಡೀ ಅದೊಂದನ್ನೇ ಆಡಿ ತೋರಿಸುತ್ತಾ ಇರಬೇಕಾಗಿತ್ತು.

ಕೆಲಸ ಶುರುವಾಗುವುದು ಎಂಟು ಗಂಟೆಗೆ. ಓಡುವುದಿದ್ದರೆ ಅದಕ್ಕೆ ಮೊದಲು ಓಡಬೇಕು. ಐದೂವರೆಗೆ ಫೋನಿನ ಅಲಾರಂ ಹೊಡೆಯುತ್ತಿತ್ತು. ನಾನು ಕಣ್ಣು ಬಿಡದೆ ಅದರ ತಲೆ ನೇವರಿಸಿ ಮಲಗಿಸುತ್ತಿದ್ದೆ. ನಾಲ್ಕು ದಿನ ನೋಡಿದ ಅವ್ವ ಐದನೆಯ ದಿನ ಫ್ಯಾನಿನ ಸ್ವಿಚ್ ಆರಿಸಿ, ಬಾಗಿಲಲ್ಲಿ ನಿಂತು ಕೂಗಿದಳು.

"ಲೇ, ಕರೆಂಟ್ ಓಯ್ತು ಕಣ್ಲಾ!"

ನಾನು ಚಂಗನೆ ಎದ್ದು ಕೂತು ಟೆಸ್ಟರ್ ಹುಡುಕಿದೆ. ಅವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಳು.

"ನನ್ ಮಗ ಮಲ್ಗಿದ್ರೂ ಡೂಟಿ ಮರಿಯಾಕಿಲ್ಲ. ಎದ್ದಿದ್ದೀಯಲ್ಲ, ಓಗು, ಅಂಗೇ ಓಡೋಗು."

ಓಡುವ ಜಾಗವನ್ನು ನಾನೇ ಅಳೆದಿದ್ದೆ. ನಮ್ಮ ಮನೆಯೆದುರಿನ ಕಂಬದಿಂದ ಲೈನು ಹಿಡಿದು, ಕೆರೆ ಏರಿ ದಾಟಿ ಹೊಲಗಳ ಕಡೆ ಹೋಗುವ ಗಾಡಿದಾರಿ. ಅಲ್ಲಿ ಕಂಬದಿಂದ ಕಂಬಕ್ಕೆ ಐವತ್ತು ಮೀಟರ್. ಆ ಲೈನು ಎಳೆದಾಗ ಟೇಪಿನ ತುದಿ ಹಿಡಿದಿದ್ದವನು ನಾನೇ. ಎಂಟುನೂರಕ್ಕೆ ಹದಿನಾರು ಕಂಬ. ಹೆಂಡತಿ ಮಕ್ಕಳ ಹೆಸರು ಮರೆತರೂ ಕಂಬದ ಲೆಕ್ಕ ಮರೆಯುವವನಲ್ಲ ನಾನು. ಮದುವೆಯಾಗಿಲ್ಲ ಎಂಬುದು ಬೇರೆ ಮಾತು.

ಮೊದಲ ದಿನ ಬೂಟು ಕಟ್ಟಿ ಓಡಿದೆ. ಆಗಿನ್ನೂ ಬೇಸಿಗೆಯ ಮೊದಲ ದಿನಗಳು. ಜನ ಶುಂಠಿಗೆ ನೀರು ಬಿಡಲು ತ್ರೀ ಫೇಸ್ ಕರೆಂಟಿಗಾಗಿ ಕಾಯುತ್ತಾ ಬೀದಿಯಲ್ಲಿ ಹಲ್ಲುಜ್ಜುತ್ತಿದ್ದರು. ಐದನೇ ಕಂಬದ ಹತ್ತಿರ ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ತಿರುಗಿ ನೋಡಿದರೆ ಬಾಯಲ್ಲಿ ಬ್ರಷ್ಷಿಟ್ಟುಕೊಂಡು ಒಬ್ಬ, ಪಂಚೆ ಎತ್ತಿ ಕಟ್ಟಿದ ಇನ್ನೊಬ್ಬ ಓಡಿ ಬರುತ್ತಿದ್ದಾರೆ. ಮೂರನೆಯವನು ಅಡ್ಡದಾರಿಯಲ್ಲಿ ತನ್ನ ಪಂಪ್‌ಮನೆಗೆ ನುಗ್ಗಿ ಸ್ಟಾರ್ಟರ್ ಒತ್ತುವ ಟಕ್ ಟಕ್ ಸದ್ದು ಬೇರೆ. ಇವರೆಲ್ಲರ ಹಿಂದೆ ಮೊಪೆಡ್ಡಿನ ಮೇಲೆ ತಾತ.

ತಾತ ನನ್ನ ಸ್ವಂತ ತಾತನಲ್ಲ. ಲೈನಿನ ಕೊನೆಯಲ್ಲಿ ಎರಡೆಕರೆ ಶುಂಠಿ ಹಾಕಿರುವ, ಎಪ್ಪತ್ತು ದಾಟಿದ, ಊರಿಗೆಲ್ಲ ತಾತ. ಕೆಮ್ಮದೆ ಮಾತು ಶುರು ಮಾಡಿದವನಲ್ಲ.

"ಅಲ್ಲ ಕಣ್ಲಾ, ಏನಾಯ್ತು? ಟಿ.ಸಿ. ಸುಟ್ಟೋಯ್ತಾ?"

ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಟಿ.ಸಿ. ಎನ್ನುತ್ತಾರೆ. ಅದು ಇರುವುದು ನಾನು ಓಡುತ್ತಿದ್ದ ದಿಕ್ಕಿನಲ್ಲೇ.

"ಏನೂ ಆಗಿಲ್ಲ ತಾತ, ಸುಮ್ನೆ ಓಡ್ತಾ ಇವ್ನಿ."

"ಸುಮ್ನೆ ಓಡ್ತಾ ಇವ್ನಂತೆ! ಕರುದ್ರೂ ನಡ್ಕಂಡ್ ಬರಾಕಿಲ್ಲ ನೀವು. ಲೈನ್‌ಮನ್ ಸುಮ್ನೆ ಓಡ್ತಾನೇನ್ಲಾ?"

ಬ್ರಷ್ಷಿನವನು ಉಗಿದು, "ನಿಜ ಯೋಳಪ್ಪ, ಯಾರ್ಗಾದ್ರೂ ಕರೆಂಟ್ ಒಡೀತಾ?" ಎಂದ. ಪರೀಕ್ಷೆಯ ವಿಷಯ ಹೇಳಿದೆ. ಅವರಿಗೆ ಸಮಾಧಾನಕ್ಕಿಂತ ಬೇಜಾರೇ ಹೆಚ್ಚಾಯಿತು. ಇಷ್ಟು ದೂರ ಓಡಿಬಂದು ಏನೂ ಆಗಿಲ್ಲವೆಂದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ?

ಉಳಿದವರು ವಾಪಸ್ ಹೋದರು. ತಾತ ಹೋಗಲಿಲ್ಲ. ಅವನಿಗೊಂದು ಕಂಬ ಬೇಕಿತ್ತು. ಅವನ ಹೊಲದ ಅಂಚಿನಲ್ಲಿ ನೆಲ ಸ್ವಲ್ಪ ದಿಬ್ಬ. ಅಲ್ಲಿ ಎರಡು ಕಂಬಗಳ ನಡುವೆ ತಂತಿ ಜೋತುಬಿದ್ದಿತ್ತು. ನೀರು ಚಿಮ್ಮಿಸುವ ಜೆಟ್ ತಿರುಗಿಸಿದರೆ ಹನಿ ತಂತಿಗೇ ತಾಗುವಂತಿತ್ತು. ಹಾಗಾಗಿ ಆ ಭಾಗಕ್ಕೆ ಅವನು ಪೈಪು ಹಿಡಿದು ಬಗ್ಗಿಕೊಂಡು ನೀರು ಬಿಡಬೇಕು. ನಡುವೆ ಒಂದು ಕಂಬ ನೆಟ್ಟರೆ ಮುಗಿಯಿತು. ಅರ್ಜಿ ಕೊಟ್ಟಿದ್ದ. ಅದು ಮೇಜಿನಿಂದ ಮೇಜಿಗೆ ತನ್ನದೇ ವೇಗದಲ್ಲಿ, ಹಿಂದಿನ ಸಲ ನಾನು ಓಡಿದ ವೇಗದಲ್ಲಿ, ಹೋಗುತ್ತಿತ್ತು.

ಮಾರನೆಯ ದಿನದಿಂದ ನಾನು ಬೂಟು ಕಟ್ಟಿ ಹೊರಗೆ ಬರುವಷ್ಟರಲ್ಲಿ ತಾತ ಮೊಪೆಡ್ ನಿಲ್ಲಿಸಿಕೊಂಡು ಕಾಯುತ್ತಿರುತ್ತಿದ್ದ. "ಅಲ್ಲ ಕಣ್ಲಾ, ಕಂಬ ಯಾವಾಗ?" ಎಂದು ಶುರು. ನಿಂತರೆ ಅರ್ಧ ಗಂಟೆ ಬಿಡುವವನಲ್ಲ. ನಾನು ಓಡುತ್ತಿದ್ದೆ. ಮೊಪೆಡ್ ಅಟ್ಟಿಸಿಕೊಂಡು ಬರುತ್ತಿತ್ತು. ಏರಿಯ ಮೇಲೆ ಗುಂಡಿಗಳಿರುವ ಕಡೆ ನಾನು ಮುಂದೆ, ಸಮನೆಲ ಸಿಕ್ಕಿದ ಕೂಡಲೇ ಅವನು ಪಕ್ಕಕ್ಕೆ ಬಂದು ಕೆಮ್ಮುತ್ತಿದ್ದ. ನಾನು ಇನ್ನೂ ಜೋರಾಗಿ ಓಡುತ್ತಿದ್ದೆ. ಹಾಸಿಗೆ ಬಿಡಲು ಹಠ ಬೇಕು, ಗುರಿ ಬೇಕು ಎಂದು ಮೊಬೈಲಿನಲ್ಲಿ ಎಷ್ಟೋ ಜನ ಹೇಳುವುದನ್ನು ಮಲಗಿಕೊಂಡೇ ಕೇಳಿದ್ದೆ. ಬೆನ್ನ ಹಿಂದೆ ಒಬ್ಬ ದೂರುದಾರ ಇರಬೇಕೆಂದು ಯಾರೂ ಹೇಳಿರಲಿಲ್ಲ.

ಹತ್ತು ಗಂಟೆಗೆ ಟೀ ಅಂಗಡಿಯಲ್ಲಿ ಇದೆಲ್ಲದರ ಪ್ರದರ್ಶನ. ಎರಡು ಸಲ ಕೆಮ್ಮಿ, ಕಣ್ಣು ಕಿರಿದು ಮಾಡಿ, ಇಲ್ಲದ ಮೊಪೆಡ್ಡಿನ ಹ್ಯಾಂಡಲ್ ತಿರುವಿ, "ಅಲ್ಲ ಕಣ್ಲಾ" ಎಂದರೆ ಸಾಕು, ಟೀ ಮಾಡುವವನೂ ಸೌಟು ಕೆಳಗಿಡುತ್ತಿದ್ದ.

ಒಂದು ತಿಂಗಳಾದ ಮೇಲೆ, ಹದಿನಾರನೇ ಕಂಬ ಮುಟ್ಟಿ ಫೋನ್ ನೋಡಿಕೊಂಡರೆ ಎರಡು ನಿಮಿಷ ಐವತ್ತು ಸೆಕೆಂಡು. ಕುಣಿಯುವುದೊಂದು ಬಾಕಿ. ಮೊಪೆಡ್ ನಿಲ್ಲಿಸಿದ ತಾತನಿಗೂ ತೋರಿಸಿದೆ.

"ನೋಡು ತಾತ, ಎಂಟ್ನೂರು ಮೀಟ್ರು. ಮೂರು ನಿಮ್ಸಕ್ಕೆ ಇನ್ನೂ ಅತ್ತು ಸೆಕೆಂಡ್ ಐತೆ."

"ಎಂಟ್ನೂರು ಎಂಗ್ಲಾ?"

"ಐವತ್ತರಂಗೆ ಅದ್ನಾರು ಕಂಬ."

ತಾತ ತನ್ನ ಶುಂಠಿ ಪಟ್ಟೆಗಳ ಕಡೆ ನೋಡಿದ. ಕೆಮ್ಮಿದ.

"ಅಲ್ಲ ಕಣ್ಲಾ, ಅದ್ನಾರು ಗೂಟ ಒಡುದ್ರೆ ನಡುವೆ ಎಷ್ಟು ಪಟ್ಟೆ ಬತ್ತದೆ?"

"ಅದ್ನಾರು."

"ಎಣಿಸ್ಲಾ."

ನೆಲದಲ್ಲಿ ಬೆರಳಾಡಿಸಿ ಎಣಿಸಿದೆ. ಹದಿನೈದು ಬಂತು. ಇನ್ನೊಂದು ಸಲ ಎಣಿಸಿದೆ. ಮತ್ತೂ ಹದಿನೈದು. ಒಂದು ತಿಂಗಳಿಂದ ನಾನು ಓಡುತ್ತಿದ್ದದ್ದು ಏಳುನೂರೈವತ್ತು ಮೀಟರ್.

"ಲೈನ್‌ಮನ್ನಂತೆ," ಎಂದ ತಾತ. "ಕಂಬ ಎಣ್ಸಾಕ್ ಬರಾಕಿಲ್ಲ. ನಿನ್ ಕೈಲಿ ನಂಗೆ ಕಂಬ ಬಂದಂಗೇ ಬುಡು."

ಮಾರನೆಯ ದಿನ ಹದಿನೇಳನೇ ಕಂಬದವರೆಗೆ ಓಡಿದೆ. ಕಡೆಯ ಐವತ್ತು ಮೀಟರಿಗೆ ಕಾಲು ಸೀಸದಂತಾಗಿ, ಮೂರು ನಿಮಿಷ ಮೂರು ಸೆಕೆಂಡು ಹಿಡಿಯಿತು. ಪರೀಕ್ಷೆಗೆ ಇನ್ನು ಹದಿನೆಂಟು ದಿನ ಇತ್ತು. ಇದನ್ನು ಟೀ ಅಂಗಡಿಯಲ್ಲಿ ಆಡಿ ತೋರಿಸಲಿಲ್ಲ.

ಆ ವಾರವೇ ತಾತನ ಕಂಬ ಮಂಜೂರಾಯಿತು. ಹದಿನಾರನೆಯದಕ್ಕೂ ಹದಿನೇಳನೆಯದಕ್ಕೂ ನಡುವೆ ನೆಟ್ಟೆವು. ಹತ್ತಿ ತಂತಿ ಎಳೆದು ಕಟ್ಟಿದವನು ನಾನೇ. ನಮ್ಮ ಹಿರಿಯ ಲೈನ್‌ಮನ್, ಚನ್ನರಾಯಪಟ್ಟಣದ ಕಡೆಯವರು, ಕೆಳಗಿನಿಂದ "ನಿಧಾನ ಮಾಡಪ್ಪ, ನಿಧಾನ" ಎನ್ನುತ್ತಿದ್ದರು. ಮೇಲಿಂದ ಅವರದೇ ದನಿಯಲ್ಲಿ "ನಿಧಾನವೇ ಅಣ್ಣ, ನಿಧಾನವೇ" ಎಂದೆ. ತಾತ ಜೆಟ್ ತಿರುಗಿಸಿದ. ನೀರು ತಂತಿಯ ಕೆಳಗೇ ಕಮಾನು ಕಟ್ಟಿ ಹೊಲದ ಆ ತುದಿಗೆ ಹೋಗಿ ಬಿತ್ತು. ಅವನು ನನ್ನ ಕಡೆ ನೋಡಲೂ ಇಲ್ಲ. ನೀರನ್ನೇ ನೋಡುತ್ತಾ ನಿಂತಿದ್ದ.

ಮಾರನೆಯ ಬೆಳಿಗ್ಗೆ ಮನೆಮುಂದೆ ಮೊಪೆಡ್ ಇರಲಿಲ್ಲ. ಅವನಿಗಿನ್ನೇನು ಕೆಲಸ? ನಾನು ಒಂಬತ್ತನೇ ಕಂಬದವರೆಗೆ ಓಡಿ, ನಡೆದು ವಾಪಸ್ ಬಂದೆ. ಅದರ ಮಾರನೆಯ ದಿನ ಬೂಟು ಕಟ್ಟಿಕೊಂಡು ಜಗುಲಿಯಲ್ಲಿ ಕೂತೆ. ಮೂರನೆಯ ದಿನ ಏಳಲಿಲ್ಲ. ಅವ್ವನ ಫ್ಯಾನಿನ ಉಪಾಯ ಅಷ್ಟರಲ್ಲಿ ಹಳತಾಗಿತ್ತು. "ಕರೆಂಟ್ ಓಯ್ತು" ಎಂದರೆ "ಫ್ಯೂಸ್ ಆಕವ್ವ" ಎಂದು ಮಗ್ಗುಲು ಬದಲಾಯಿಸುತ್ತಿದ್ದೆ.

ನನಗೊಂದು ಭಾರಿ ಯೋಚನೆ ಹೊಳೆಯಿತು. ತಾತನ ದನಿಯಲ್ಲಿ ನಾನೇ ಎರಡು ಸಲ ಕೆಮ್ಮಿ, "ಅಲ್ಲ ಕಣ್ಲಾ, ಕರೆಂಟ್ ಎಲ್ಲಿ?" ಎಂದು ಬೈದು, ಅದನ್ನು ರೆಕಾರ್ಡ್ ಮಾಡಿ ಅಲಾರಂಗೆ ಹಾಕಿದೆ. ಐದೂವರೆಗೆ ಅದು ಕೂಗಿತಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನನಗೆ ನೆನಪಿಲ್ಲ. ಅವ್ವ ಹೇಳಿದ್ದು: "ಕಣ್ ಬುಡ್ದಂಗೇ ಫೋನ್ ಕಿವಿಗ್ ಇಟ್ಕಂಡು 'ಅರ್ಧ ಗಂಟೇಲಿ ಬತ್ತದೆ ತಾತ' ಅಂದ್ಬುಟ್ಟು ಮಲೀಕಂಡೆ." ಐದು ವರ್ಷದಿಂದ ದೂರು ಹೇಳಿದವರಿಗೆಲ್ಲ ನಾನು ಕೊಡುತ್ತಿದ್ದ ಉತ್ತರ ಅದೇ. ಅವತ್ತು ನನಗೇ ಕೊಟ್ಟುಕೊಂಡಿದ್ದೆ, ನಂಬಿಯೂ ಬಿಟ್ಟಿದ್ದೆ.

ಹದಿಮೂರು ದಿನ ಉಳಿದಿತ್ತು. ಸಂಜೆ ಕೆಲಸ ಮುಗಿಸಿ ತಾತನ ಹೊಲಕ್ಕೆ ಹೋದೆ. ಪಂಪ್‌ಮನೆಯ ಕಟ್ಟೆಯ ಮೇಲೆ ಕೂತು ಕಾಲು ತೊಳೆಯುತ್ತಿದ್ದ.

"ತಾತ, ಬೆಳಿಗ್ಗೆ ನನ್ನ ಅಟ್ಟಿಸ್ಕಂಡ್ ಬಾ."

"ಯಾಕ್ಲಾ? ಕಂಬ ಬಂತಲ್ಲ."

"ನೀನಿಲ್ದೆ ಓಡಾಕ್ ಆಯ್ತಿಲ್ಲ."

ಅವನು ಇನ್ನೊಂದು ಕಾಲಿಗೆ ನೀರು ಹುಯ್ದುಕೊಂಡ. "ಟೀ ಅಂಗ್ಡೀಲಿ ನನ್ನಂಗೆ ಮಾಡ್ತೀಯಂತೆ?"

ನೆಲ ಬಿರಿಯಬಾರದೇ ಎನ್ನಿಸಿತು. ತಲೆ ಕೆರೆದುಕೊಂಡೆ.

"ಮಾಡು, ನಾನೂ ನೋಡ್ತೀನಿ."

ಇಪ್ಪತ್ತು ಜನರ ಮುಂದೆ ಸಲೀಸಾಗಿ ಬರುತ್ತಿದ್ದದ್ದು ಅವನೊಬ್ಬನ ಮುಂದೆ ಬರಲಿಲ್ಲ. ಹೇಗೋ ಎರಡು ಸಲ ಕೆಮ್ಮಿದೆ, ಕಣ್ಣು ಕಿರಿದು ಮಾಡಿದೆ, ಹ್ಯಾಂಡಲ್ ತಿರುವಿದೆ, "ಅಲ್ಲ ಕಣ್ಲಾ, ಕಂಬ ಯಾವಾಗ?" ಎಂದೆ. ತಾತನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಕೆಮ್ಮು ಒಂದು ಸಾಕು," ಎಂದ. "ಎಲ್ಡು ಕೆಮ್ಮಿದ್ರೆ ಜನ ಆಸ್ಪತ್ರೆಗ್ ಸೇರಿಸ್ಬುಡ್ತಾರೆ." ಆಮೇಲೆ ಟವೆಲ್ಲಿನಿಂದ ಕಾಲು ಒರೆಸಿಕೊಳ್ಳುತ್ತಾ ಕೇಳಿದ, "ಪಾಸಾದ್ರೆ ಎಲ್ಲಿಗ್ ಆಕ್ತಾರೆ?"

"ಗೊತ್ತಿಲ್ಲ ತಾತ. ಚನ್ನರಾಯಪಟ್ಣ ಆಗ್ಬೋದು, ಹೊಳೆನರಸೀಪುರ ಆಗ್ಬೋದು."

"ಇಲ್ಲಿ?"

"ಇಲ್ಲಿ ಆಕೋದು ಕಷ್ಟ."

"ಅಂಗಾದ್ರೆ ನಾನ್ ಯಾರ್ನ ಬೈಲಿ?"

ಅವನು ಉತ್ತರಕ್ಕೂ ಕಾಯಲಿಲ್ಲ. ಜೆಟ್ ನಿಲ್ಲಿಸಲು ಎದ್ದುಹೋದ.

ಬೆಳಿಗ್ಗೆ ಐದೂ ಇಪ್ಪತ್ತಕ್ಕೆ, ಅಲಾರಂಗೂ ಮೊದಲು, ಹೊರಗೆ ಹಾರ್ನ್ ಕೇಳಿತು. ಹಿಂದೆಯೇ ಒಂದೇ ಒಂದು ಕೆಮ್ಮು. ಅವ್ವ "ಬಂದೆ ಇರಿ ಮಾವ" ಎನ್ನುತ್ತಾ ಕಾಫಿಗೆ ಇಟ್ಟಳು. ದೂರು ಇಲ್ಲದೆ ಅಟ್ಟಿಸಿಕೊಂಡು ಬರುವುದು ತಾತನಿಗೂ ಒಗ್ಗಲಿಲ್ಲ. ಎರಡನೇ ದಿನದಿಂದ ಅವನು ದೂರು ಹುಟ್ಟಿಸಿಕೊಂಡ. ಬೀದಿದೀಪ ಮಂಕು, ಪಕ್ಕದ ಹೊಲದವನ ಟಿ.ಸಿ. ಗುಂಯ್ ಎನ್ನುತ್ತದೆ, ಹೊಸ ಕಂಬ ಎಡಕ್ಕೆ ವಾಲಿದೆ. ವಾಲಿರಲಿಲ್ಲ. ಒಂದು ದಿನ ನಾನು ಆ ಹೊಸ ಕಂಬವನ್ನೇ ಹದಿನೇಳನೆಯದೆಂದು ಮುಟ್ಟಿ ನಿಂತೆ. ಮೊಪೆಡ್ ನಿಲ್ಲಲಿಲ್ಲ. ಮುಂದಿನ ಕಂಬದಿಂದ ಕೂಗು ಬಂತು: "ಅದು ನಂದು ಕಣ್ಲಾ! ಲೆಕ್ಕಕ್ಕಿಲ್ಲ! ನಿಂದು ಇಲ್ಲೈತೆ!"

ಪರೀಕ್ಷೆ ಹಾಸನದಲ್ಲಿ. ಬೇರೆಲ್ಲ ಮುಗಿದು ಎಂಟುನೂರು ಮೀಟರಿಗೆ ಸಾಲು ನಿಲ್ಲಿಸಿದಾಗ ಬಿಸಿಲು ಏರಿತ್ತು. ಮೈದಾನ ನೋಡಿದೆ. ಎರಡು ಸುತ್ತು ಓಡಬೇಕು, ಸುತ್ತಲೂ ಬೇಲಿ, ಎಣಿಸಲು ಕಂಬಗಳೇ ಇಲ್ಲ. ಸೀಟಿ ಊದಿದರು. ಮೊದಲ ಸುತ್ತು ಎಲ್ಲರ ಜೊತೆ ಓಡಿದೆ. ಎರಡನೆಯದರಲ್ಲಿ, ಹೋದ ಸಲ ಕೂತಿದ್ದ ಅದೇ ತಿರುವಿನಲ್ಲಿ, ಹೊಟ್ಟೆಯ ಅದೇ ಜಾಗ ಹಿಡಿದುಕೊಂಡಿತು. ಹಿಂದೆ ತಿರುಗಿದರೆ ಮೊಪೆಡ್ ಇಲ್ಲ. ಇದ್ದ ಉಸಿರಿನಲ್ಲೇ ಒಂದು ಸಲ, ಒಂದೇ ಸಲ, ಕೆಮ್ಮಿದೆ.

"ಅಲ್ಲ ಕಣ್ಲಾ! ನಿಂದು ಅಲ್ಲೈತೆ!"

ಪಕ್ಕದಲ್ಲಿ ಓಡುತ್ತಿದ್ದವನು ಬೆದರಿ ನನ್ನ ಕಡೆ ನೋಡಿದ. ಅವನು ನೋಡುವಷ್ಟರಲ್ಲಿ ನಾನು ಮುಂದಿದ್ದೆ. ಗೆರೆ ದಾಟಿ, ಅದರಾಚೆಗೂ ಕಂಬವೊಂದಿದೆ ಎಂಬಂತೆ ಹತ್ತು ಹೆಜ್ಜೆ ಹೆಚ್ಚಿಗೆ ಓಡಿ ಹುಲ್ಲಿನ ಮೇಲೆ ಬಿದ್ದೆ. ಗಡಿಯಾರ ಹಿಡಿದಿದ್ದವರು ನನ್ನ ಸಮಯ ಕೂಗಿ ಹೇಳಿದರು. ಮೂರು ನಿಮಿಷಕ್ಕೆ ಇನ್ನೂ ನಾಲ್ಕು ಸೆಕೆಂಡು ಉಳಿದಿತ್ತು.

ಉಸಿರು ಸರಿಹೋಗುವ ಮೊದಲೇ ಫೋನ್ ಬಂತು.

"ಮುಟ್ಟಿದ್ಯಾ?"

"ಮುಟ್ಟಿದೆ ತಾತ. ನಾಕು ಸೆಕೆಂಡ್ ಉಳೀತು."

"ಬರೀ ನಾಕಾ?" ಆ ಕಡೆ ಒಂದು ಕೆಮ್ಮು. "ಸರಿ ಬುಡು. ಅಲ್ಲ ಕಣ್ಲಾ, ಬೆಳಿಗ್ಗಿಂದ ಪಂಪ್‌ಮನೇಲಿ ಒಂದು ಫೇಸ್ ಇಲ್ಲ. ಯಾವಾಗ್ ಬತ್ತೀಯ?"

ಈ ಸಲದ ದೂರು ನಿಜವೋ ಹುಟ್ಟಿಸಿಕೊಂಡದ್ದೋ ದನಿಯಲ್ಲಿ ಗೊತ್ತಾಗಲಿಲ್ಲ. ನಾನು ಹುಲ್ಲಿನ ಮೇಲೆ ಅಂಗಾತ ಮಲಗಿಕೊಂಡೇ ಹೇಳಿದೆ.

"ಅರ್ಧ ಗಂಟೇಲಿ ಬತ್ತೀನಿ ತಾತ."

ಹಾಸನದಿಂದ ನಮ್ಮೂರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ.